ಷರತ್ತುಬದ್ಧ ಸದ್ದು
ಗಣಪತಿ ವಿಸರ್ಜನೆಯ ಧ್ವನಿವರ್ಧಕಕ್ಕೆ ಅನುಮತಿ ಪತ್ರ ಕೈಸೇರಿತೆಂದರೆ ಸಮಿತಿಯವರಿಗೆ ಅರ್ಧ ಹಬ್ಬ ಮುಗಿದಂತೆ. ಪತ್ರದಲ್ಲಿ ಷರತ್ತುಗಳಿರುತ್ತವೆ, ಅವನ್ನು ಓದಬೇಕೆಂಬ ಷರತ್ತೊಂದು ಮಾತ್ರ ಇರುವುದಿಲ್ಲ.

ಓದದಿರುವುದೇ ವಾಸಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಹಗಲಿನ ಮಿತಿ 55 ಡೆಸಿಬಲ್. ಸಾರ್ವಜನಿಕ ಜಾಗದ ಎಲ್ಲೆಯಲ್ಲಿ ಧ್ವನಿವರ್ಧಕದ ಸದ್ದು ಅದಕ್ಕಿಂತ 10 ಹೆಚ್ಚಿರಬಹುದು, ಇಲ್ಲವೇ 75. ಯಾವುದು ಕಡಿಮೆಯೋ ಅದು. ಅಂದರೆ 65. ಕಟ್ಟೆ ಮೇಲೆ ಇಬ್ಬರು ಕೂತು ಹರಟಿದರೇ 60ರ ಹತ್ತಿರ ಬರುತ್ತದೆ. ಹಾಡು ಶುರುವಾಗುವ ಮುನ್ನವೇ ಲಾರಿಯ ಜನರೇಟರ್ ಗಡಿ ದಾಟಿರುತ್ತದೆ.

ಅಳೆಯೋಣವೆಂದರೆ, ಕಾನೂನು ಒಪ್ಪುವುದು ‘ಎ’ ತೂಕದ ಡೆಸಿಬಲ್, ಅಂದರೆ ಕಿವಿಗೆ ಮಂದವಾಗಿ ಕೇಳುವ ತಗ್ಗು ಸ್ವರಗಳನ್ನು ಕಡಿಮೆ ಎಣಿಸುವ ಅಳತೆ. ಆ ಲೆಕ್ಕದಲ್ಲಿ 50 ಹರ್ಟ್ಸ್‌ನ ತಗ್ಗು ಸದ್ದಿಗೆ, ಅಂದರೆ ಬೇಸಿಗೆ, ಸುಮಾರು 30 ಡೆಸಿಬಲ್ ಸೋಡಿ ಉಂಟು. ಡಿಜೆಯ ಜೀವಾಳವೇ ಆ ಬೇಸ್. ಅಡುಗೆಮನೆಯ ಪಾತ್ರೆಗಳು ಗಡಗಡ ನಡುಗಿದರೂ ಮೀಟರ್ ದೊಡ್ಡ ಮನಸ್ಸು ಮಾಡುತ್ತದೆ.

ಕಿವಿಗೆ ಆ ದೊಡ್ಡ ಮನಸ್ಸಿಲ್ಲ. 85 ಡೆಸಿಬಲ್ಲನ್ನು ಅದು ಸುರಕ್ಷಿತವಾಗಿ ತಾಳುವುದು ದಿನಕ್ಕೆ ಎಂಟು ಗಂಟೆ. ಆಮೇಲೆ ಪ್ರತಿ 3 ಡೆಸಿಬಲ್ ಏರಿಕೆಗೂ ಅವಧಿ ಅರ್ಧ. ಸ್ಪೀಕರ್ ಪೆಟ್ಟಿಗೆಗಳ ಗೋಡೆಯ ಮುಂದೆ 110 ಇದ್ದರೆ ಉಳಿಯುವುದು ಒಂದೂವರೆ ನಿಮಿಷ, ಪಲ್ಲವಿ ಮುಗಿಯುವುದೂ ಅನುಮಾನ. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಸುಮಾರು 15 ಸಾವಿರ ರೋಮಕೋಶಗಳಲ್ಲಿ ಮೊದಲು ಸಾಯುವುದು 4,000 ಹರ್ಟ್ಸ್ ಆಸುಪಾಸಿನ ಕೀರಲು ಸದ್ದಿನವು, ‘ಸ’ದಂಥ ಅಕ್ಷರ ತಿಳಿಯಲು ಬೇಕಾದವು. ಸದ್ದೆಲ್ಲ ಕೇಳಿಸುತ್ತದೆ, ಮಾತು ಮಾತ್ರ ಬಿಡಿಬಿಡಿಯಾಗಿ ತಿಳಿಯುವುದಿಲ್ಲ. ಸಕ್ಕರೆ ಎಂದರೆ ಅಕ್ಕರೆ ಕೇಳಿಸುತ್ತದೆ. ಗಣಪ ಮುಂದಿನ ವರ್ಷ ಮತ್ತೆ ಬರುತ್ತಾನೆ, ಸತ್ತ ರೋಮಕೋಶ ಬರುವುದಿಲ್ಲ.

ಬಂದೋಬಸ್ತಿನ ಪೇದೆಯನ್ನು ನೋಡಿ. ಡೆಸಿಬಲ್ ಕಾಯಲೆಂದು ನಿಲ್ಲಿಸಿದ್ದು ಸ್ಪೀಕರಿನಿಂದ ಎರಡಡಿ ದೂರದಲ್ಲಿ, ಬರಿಗಿವಿಯಲ್ಲಿ. ಕೈಗೆ ಲಾಠಿ, ಬಾಯಿಗೆ ಸೀಟಿ. ಆ ಸೀಟಿಯೇ ಕಿವಿಯ ಬಳಿ 100 ದಾಟುತ್ತದೆ.

ಅನುಭವಸ್ಥರು ಹತ್ತಿ ತುರುಕಿಕೊಳ್ಳುತ್ತಾರೆ. ಅದರಿಂದ ಮನಸ್ಸಿಗೆ ಸಮಾಧಾನ, ಕಿವಿಗೆ ಹೆಚ್ಚೇನೂ ಇಲ್ಲ. ಹತ್ತಿಪ್ಪತ್ತು ರೂಪಾಯಿಯ ಫೋಮ್ ಪ್ಲಗ್ ಮೇಲು, ಹಾಕಲು ಬಂದರೆ. ಕೈ ತೊಳೆದು, ಸುಕ್ಕಿಲ್ಲದಂತೆ ತೆಳ್ಳಗೆ ಹೊಸೆಯಬೇಕು. ತಲೆಯ ಹಿಂದಿನಿಂದ ಇನ್ನೊಂದು ಕೈ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಪ್ಲಗ್ ಒಳಗಿಟ್ಟು, ಉಬ್ಬುವ ತನಕ 30 ಸೆಕೆಂಡ್ ಬೆರಳಲ್ಲಿ ಒತ್ತಿ ಹಿಡಿಯಬೇಕು. ಎದುರಿನಿಂದ ನೋಡಿದವರಿಗೆ ಪ್ಲಗ್ ಎದ್ದು ಕಂಡರೆ ಅದು ಆಭರಣ, ರಕ್ಷಣೆಯಲ್ಲ. ಡಬ್ಬಿಯ ಮೇಲೆ 33 ಡೆಸಿಬಲ್ ತಗ್ಗಿಸುತ್ತದೆ ಎಂದು ಬರೆದಿದ್ದರೆ ಅರ್ಧ ಸಿಕ್ಕರೆ ಪುಣ್ಯ: 110 ಇಳಿದು 94ರ ಸುಮಾರಿಗೆ, ಒಂದೂವರೆ ನಿಮಿಷ ಒಂದು ಗಂಟೆಗೆ. ಮೆರವಣಿಗೆ ಐದು ಗಂಟೆಯದು, ಆ ಮಾತು ಬೇರೆ. ಅಪ್ಪನ ಹೆಗಲೇರಿ ಸ್ಪೀಕರಿಗೆ ಸರಿಯಾಗಿ ಎದುರಾಗುವ ಮಗುವಿಗೆ ಪ್ಲಗ್ ಕೂರುವುದಿಲ್ಲ. ಕಿವಿಯನ್ನು ಪೂರ್ತಿ ಮುಚ್ಚುವ ಇಯರ್‌ಮಫ್ ಬೇಕು. ಹಿಂದೆ ಸರಿಯುವುದು ಪುಕ್ಕಟೆ ಉಪಾಯ. ಬಯಲಲ್ಲಾದರೆ ದೂರ ಇಮ್ಮಡಿಯಾದಾಗ 6 ಡೆಸಿಬಲ್ ಇಳಿಯುತ್ತದೆ. ಪೇಟೆಬೀದಿಯ ಗೋಡೆಗಳು ಅಷ್ಟು ಇಳಿಯಲು ಬಿಡುವುದಿಲ್ಲ.

ದೂರು ಕೊಡಲೂ ಅವಕಾಶವಿದೆ. ಮಿತಿಗಿಂತ 10 ಡೆಸಿಬಲ್ ಹೆಚ್ಚಿದ್ದರೆ ಯಾರು ಬೇಕಾದರೂ ಕೊಡಬಹುದು ಎನ್ನುತ್ತದೆ ನಿಯಮ 7. ಹೆಚ್ಚಿದೆ ಎನ್ನಲು ಮೀಟರ್ ಬೇಕು. ಮೊಬೈಲ್ ಆ್ಯಪ್ ತೋರಿಸಿದರೆ ಅದು ಪುರಾವೆಯಲ್ಲ ಎನ್ನುತ್ತಾರೆ. ಸರ್ಕಾರಿ ಮೀಟರ್ ಎಲ್ಲಿದೆ ಎಂದು ವಿಚಾರಿಸಿ, ಬೀರುವಿನ ಬೀಗದ ಕೈ ಇರುವವರನ್ನು ಹುಡುಕಿ, ಬ್ಯಾಟರಿ ಹಾಕಿ ತರುವಷ್ಟರಲ್ಲಿ ಮೆರವಣಿಗೆ ಪಕ್ಕದ ಠಾಣೆಯ ಸರಹದ್ದಿಗೆ ದಾಟಿರುತ್ತದೆ.