ಚಂದ್ರಕಂಸಕ್ಕೆ ಪಂಚಮದ ತಂಬೂರಿ ಬೇಡ: ಸ್ಪಷ್ಟನೆ

‘ಚಂದ್ರಕಂಸ ತಾನಸೇನರ ಕಾಲದ ರಾಗ, ತಂಬೂರಿ ಪಂಚಮದಲ್ಲಿದ್ದರೂ ನಡೀತದ’ ಎಂಬ ಸಂದೇಶ ಕಲಬುರಗಿಯ ಭಜನಾ ಮಂಡಳಿಗಳ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ತಪ್ಪು. ಇಂದು ಹಾಡುವ ಶುದ್ಧ ನಿಷಾದದ ಚಂದ್ರಕಂಸ 20ನೇ ಶತಮಾನದ್ದು, ಹಿಂದೂಸ್ತಾನಿ ಗಾಯಕ, ಸಂಗೀತ ಗುರು ಬಿ.ಆರ್. ದೇವಧರರ ಕೊಡುಗೆ ಎನ್ನುವುದುಂಟು. ಹಳೆಯ ಚಂದ್ರಕಂಸ ಬಾಗೇಶ್ರೀ ರಾಗದ ಛಾಯೆಯದ್ದು, ಅದೇ ಬೇರೆ.

ಈ ರಾತ್ರಿ ರಾಗದಲ್ಲಿ ರಿಷಭ, ಪಂಚಮ ಇಲ್ಲ. ಪಂಚಮದ ತಂತಿ ಮಿಡಿಯುತ್ತಿದ್ದರೆ ಪಕ್ಕದ ಕೋಮಲ ಧೈವತಕ್ಕೆ ತಿಕ್ಕಾಟ ತಪ್ಪದು. ಮೊದಲ ತಂತಿಯನ್ನು ಎರಡು ಅರ್ಧಸ್ವರ ಸಡಿಲಿಸಿ ಮಧ್ಯಮಕ್ಕೆ ತನ್ನಿ, ಆಮೇಲೆ ಜವಾರಿಯ ದಾರ (ನಾದ ಝೇಂಕರಿಸಲು ಕುದುರೆಯ ಮೇಲೆ ತಂತಿಯಡಿ ಇಡುವ ನೂಲು) ಮತ್ತೆ ಸರಿಸಿ ನೋಡಿ. ಇದನ್ನು ಮರೆಯುವವರೇ ಹೆಚ್ಚು, ತಂತಿ ಮಂಕಾಗುತ್ತದೆ. ಹಾರ್ಮೋನಿಯಂನಲ್ಲಿ ಬಿಳಿ 1ನೇ ಮನೆ ಷಡ್ಜವಾದರೆ ಉಳಿದ ಗ, ಮ, ಧ, ನಿ ಕ್ರಮವಾಗಿ ಕಪ್ಪು 2, ಬಿಳಿ 4, ಕಪ್ಪು 4, ಬಿಳಿ 7. ರೂಢಿಯಲ್ಲಿ ಬೆರಳು ಕಪ್ಪು 5ಕ್ಕೆ ಹೋಯಿತೋ, ಅದು ಕೋಮಲ ನಿಷಾದದ ಮಾಲಕಂಸ ರಾಗ.