ಕದ್ರಿಯ ಏರಿನಲ್ಲಿ ಎರಡು ಸೈಕಲ್ಲು

ಮಂಗಳೂರಿನಲ್ಲಿ ಸೈಕಲ್ ಕಲಿಯುವುದೆಂದರೆ ಅರ್ಧ ತುಳಿಯುವುದು, ಇನ್ನರ್ಧ ಇಳಿದು ನೂಕುವುದು. ಬಾವುಟಗುಡ್ಡೆ, ಕದ್ರಿಗುಡ್ಡೆ ಎಂದು ಊರಿಡೀ ಗುಡ್ಡೆಗಳೇ. ನಾನು ಗಂಟೆಗೆ ಒಂದು ರೂಪಾಯಿಯ ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದು ಕಲಿತವನು. ಏರಿನಲ್ಲಿ ನೂಕುತ್ತಾ ಕಳೆದ ಹೊತ್ತಿಗೂ ಬಾಡಿಗೆ ತೆರಬೇಕಾಯಿತಲ್ಲ ಎಂಬ ಸಂಕಟ ಈಗಲೂ ಇದೆ.

ನಮ್ಮ ಫ್ಲ್ಯಾಟಿನ ಮೂರನೇ ಮಹಡಿಯ ರಾಯರು ನಿವೃತ್ತಿಯ ದುಡ್ಡಿನಲ್ಲಿ ಸೈಕಲ್ ಕೊಂಡರು. ಬೆಲೆ ಒಂದೂವರೆ ಲಕ್ಷ, ತೂಕ ಎಂಟು ಕಿಲೋ. ಭಾನುವಾರ ನಸುಕಿಗೇ ಎದ್ದು ಪಣಂಬೂರಿಗೆ ಹೋಗಿ ಬರುತ್ತಾರೆ. ಅದೇ ಹೊತ್ತಿಗೆ ಬಂದರಿನ ಧಕ್ಕೆಯಿಂದ ಮೀನಿನವರು ಹೊರಡುತ್ತಾರೆ. ಅವರ ಸೈಕಲ್ಲೇ ಇಪ್ಪತ್ತು ಕಿಲೋ. ಮೇಲೆ ಬೂತಾಯಿ, ಬಂಗುಡೆ, ಮಂಜುಗಡ್ಡೆ ತುಂಬಿದ ಪೆಟ್ಟಿಗೆ. ಕದ್ರಿಯ ಏರಿನಲ್ಲಿ ರಾಯರು ಗೇರು ಬದಲಿಸಿ ಸರ್ರನೆ ಹತ್ತಿ ಹೋಗುತ್ತಾರೆ. ಮೀನಿನವರು ಇಳಿದು, ಒಂದು ಕೈ ಹ್ಯಾಂಡಲ್ಲಿಗೆ, ಒಂದು ಕೈ ಸೀಟಿಗೆ ಕೊಟ್ಟು, ಬೆನ್ನು ಬಾಗಿಸಿ ನೂಕುತ್ತಾರೆ. ಪೆಟ್ಟಿಗೆಯಿಂದ ತೊಟ್ಟಿಕ್ಕುವ ನೀರು ಡಾಂಬರಿನ ಮೇಲೆ ಅವರು ಬಂದ ದಾರಿಯನ್ನು ಬರೆಯುತ್ತಾ ಬರುತ್ತದೆ. ಸೈಕಲ್ ಲೋಕದ ವ್ಯಾಪಾರವೇ ವಿಚಿತ್ರ: ತೂಕ ಇಳಿದಷ್ಟೂ ಬೆಲೆ ಏರುತ್ತದೆ. ಹೊರೆ ಹೊರುವವನಿಗೆ ಭಾರದ ಸೈಕಲ್ಲು, ಹೊಟ್ಟೆ ಕರಗಿಸುವವನಿಗೆ ಹಗುರದ್ದು.

ಸರ್ಕಾರದ ಕಣ್ಣಿಗೆ ಮಾತ್ರ ಎರಡೂ ಸೈಕಲ್ಲೇ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಾಗ ಎರಡಕ್ಕೂ ಇಳಿಯಿತು. ಲಕ್ಷದ ಸೈಕಲ್ಲಿನವನಿಗೆ ಉಳಿಯುವ ದುಡ್ಡಿನಲ್ಲಿ ಮೀನಿನವರು ಹೊಸ ಸೈಕಲ್ಲನ್ನೇ ಕೊಳ್ಳಬಹುದು. ಅವರದು ಹಳೆಯ ಅಟ್ಲಾಸ್. ಸಾಹಿಬಾಬಾದಿನಲ್ಲಿದ್ದ ಅದರ ಕಾರ್ಖಾನೆ 2020ರ ಜೂನ್ 3ರಂದು ಮುಚ್ಚಿತು. ಆ ದಿನ ವಿಶ್ವ ಸೈಕಲ್ ದಿನ, ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ.

2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಕೊಡತೊಡಗಿದ ಸೈಕಲ್ ನಮ್ಮ ಮನೆಗೆಲಸದವರ ಮಗಳಿಗೂ ಸಿಕ್ಕಿತ್ತು. ಹೆದ್ದಾರಿ ದಾಟಬೇಕೆಂದು ತಾಯಿ ಹೆದರಿದರು. ಸೈಕಲ್ಲು ಅಣ್ಣನದಾಯಿತು, ಹುಡುಗಿ ನಡೆದೇ ಹೋದಳು. ಅಣ್ಣನೂ ಅದೇ ಹೆದ್ದಾರಿಯನ್ನು ದಾಟುತ್ತಿದ್ದ.

ರಾಯರ ಸೈಕಲ್ಲಿಗೆ ಲಿಫ್ಟ್ ಹತ್ತುವ ಯೋಗ, ಮಲಗುವುದು ಹಜಾರದಲ್ಲಿ. ಮೀನಿನ ಸೈಕಲ್ಲಿಗೆ ಗೇಟಿನೊಳಗೆ ಪ್ರವೇಶವಿಲ್ಲ, ವಾಸನೆಯಂತೆ. ಆದ್ದರಿಂದ ಭಾನುವಾರ ನಾವೆಲ್ಲ ಪಾತ್ರೆ ಹಿಡಿದು ಗೇಟಿನ ಹೊರಗೆ ನಿಲ್ಲುತ್ತೇವೆ. ಮೊನ್ನೆ ರಾಯರು ಅಲ್ಲೇ ಬಂದಿಳಿದರು.

"ಸಕ್ಕರೆ ಕಾಯಿಲೆ ನೋಡಿ, ಡಾಕ್ಟರು ಸೈಕಲ್ ತುಳಿಯಲೇಬೇಕು ಎಂದಿದ್ದಾರೆ" ಎಂದರು.

ಮೀನಿನವರು ಬಂಗುಡೆ ಎಣಿಸುತ್ತಾ, "ನನ್ನ ಮೊಣಕಾಲು ನೋಡಿದ ಡಾಕ್ಟರು ತುಳಿಯಲೇಬಾರದು ಎಂದಿದ್ದಾರೆ ಸರ್" ಎಂದರು. ಆಮೇಲೆ ತಲೆಯೆತ್ತಿ ರಾಯರ ಸೈಕಲ್ಲನ್ನು ಹಿಂದಿನಿಂದ ಮುಂದಿನವರೆಗೆ ನೋಡಿ ಕೇಳಿದರು:

"ಅಷ್ಟು ದುಡ್ಡು ಕೊಟ್ಟರೂ ಕ್ಯಾರಿಯರ್ ಇಲ್ಲವಾ ಮಾರಾಯರೇ?"