ಎಲ್ಲಾ ಮಷೀನ್‌ಗೂ ಆಗುತ್ತೆ

'ಎಲ್ಲಾ ಮಷೀನ್‌ಗೂ ಆಗುತ್ತೆ ಮೇಡಂ' ಎಂದು ಅಂಗಡಿಯವನು ಹೇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಎಲ್ಲರಿಗೂ ಆಗುವ ಚಪ್ಪಲಿ ಎಲ್ಲಾದರೂ ಉಂಟಾ? ನನಗೆ ಬೇಕಿದ್ದದ್ದು ರವಿಕೆಯ ಕತ್ತಿಗೆ ಪೈಪಿಂಗ್ ಹೊಲಿಯುವ ಒಂದು ಫುಟ್, ಅಂದರೆ ಹೊಲಿಗೆ ಮಷೀನಿನಲ್ಲಿ ಸೂಜಿಯ ಬಳಿ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ, ಅಷ್ಟೇ. ಮನೆಗೆ ತಂದು ಹಿಡಿದು ನೋಡಿದರೆ ಸ್ಕ್ರೂ ಎಲ್ಲೋ, ಫುಟ್‌ನ ಕಚ್ಚು ಎಲ್ಲೋ. ನಡುವೆ ಅರ್ಧ ಇಂಚು. ಅದು ಗಾರ್ಮೆಂಟ್ಸ್ ಮಷೀನಿನ ಉದ್ದ ಕಾಲು. ನಮ್ಮದು ಗಿಡ್ಡ ಕಾಲಿನದು, ತಳದಿಂದ ಸ್ಕ್ರೂಗೆ ಬರೀ ಮುಕ್ಕಾಲು ಇಂಚು.

ನಮ್ಮದು ಅಂದರೆ ಅಜ್ಜಿಯ ಸಿಂಗರ್ 15ಕೆ. 'ಕೆ' ಅಂದರೆ ಸ್ಕಾಟ್ಲೆಂಡಿನ ಕಿಲ್ಬೋವಿ ಕಾರ್ಖಾನೆ. ಆ ಕಾರ್ಖಾನೆ 1980ರಲ್ಲೇ ಮುಚ್ಚಿತು, ಮಷೀನು ಮಾತ್ರ ಎಣ್ಣೆ ಕುಡಿದುಕೊಂಡು ಓಡುತ್ತಲೇ ಇದೆ. ಮನೆಗೆ ಬಂದವರೆಲ್ಲ ಅದನ್ನು ನೋಡಿ, 'ಮೇಲೆ ಗ್ಲಾಸ್ ಹಾಕಿಸಿ, ಚೆನ್ನಾಗಿರೋ ಟೇಬಲ್ ಆಗುತ್ತೆ' ಅನ್ನುತ್ತಾರೆ. ಅವರಿಗೆ ಕಾಫಿ ಕೊಡಲೂ ಮನಸ್ಸಾಗುವುದಿಲ್ಲ.

ಅಂಗಡಿಯವನದ್ದೇ ತಪ್ಪು ಅನ್ನಲಾರೆ, ನನಗೂ ಈ ಚಟ ಇದೆ. ಒಮ್ಮೆ ಆನ್‌ಲೈನಿನಲ್ಲಿ 32 ಫುಟ್‌ಗಳ ಡಬ್ಬಿ ತರಿಸಿದೆ. ಜರಿಹುಳಕ್ಕೆ ಸಾಕಾಗುವಷ್ಟು ಕಾಲು! ಅದರಲ್ಲಿ ಮುಕ್ಕಾಲು ಪಾಲು ಜಿಗ್‌ಜಾಗ್ ಮಷೀನಿಗೆ. ನಮ್ಮದರ ಸೂಜಿ ಅತ್ತಿತ್ತ ಹೊರಳುವುದೇ ಇಲ್ಲ, ಮೇಲೆ ಕೆಳಗೆ ಅಷ್ಟೇ.

ಆದರೂ ಬುದ್ಧಿ ಬರಲಿಲ್ಲ. ಆಮೇಲೆ ತಂದದ್ದು ರಫ್ಲರ್, ಬಟ್ಟೆಗೆ ನೆರಿಗೆ ಹಾಕುವ ಫುಟ್. ನೋಡಲು ಮಿಡತೆಯ ಹಾಗಿದೆ. ಅದರ ಕವಲು ಕೈಯನ್ನು ಸೂಜಿಯ ಸ್ಕ್ರೂ ಮೇಲೆ ಕೂರಿಸಬೇಕು. ಸೂಜಿಯ ಏರಿಳಿತಕ್ಕೆ ತಕ್ಕಂತೆ ಹಲ್ಲಿನ ತಗಡು ಬಟ್ಟೆಯನ್ನು ಮುಂದೆ ತಳ್ಳಿ ನೆರಿಗೆ ಹಾಕುತ್ತದೆ. ಅದರ ಮೇಲಿನ ಸನ್ನೆಯನ್ನು 1ರಲ್ಲಿಟ್ಟರೆ ಹೊಲಿಗೆಗೊಂದು ನೆರಿಗೆ, 6ಕ್ಕೆ ಆರು ಹೊಲಿಗೆಗೊಂದು, 12ಕ್ಕೆ ಹನ್ನೆರಡಕ್ಕೊಂದು, ನಕ್ಷತ್ರದ ಗುರುತಿಗಿಟ್ಟರೆ ನೆರಿಗೆಯೇ ಇಲ್ಲ. ನಕ್ಷತ್ರಕ್ಕೆ ಇಡುವವರು ಯಾರು ಹೇಳಿ! ಟಕ್ಕ ಟಕ್ಕ ಎಂದು ಅದು ಬಟ್ಟೆ ನುಂಗುವುದನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಮೊದಲು ದಿಂಬಿನ ಕವರಿಗೆ ಫ್ರಿಲ್ ಬಂತು. ಆಮೇಲೆ ಟೀವಿಗೆ, ಮಿಕ್ಸಿಗೆ, ವಾಷಿಂಗ್ ಮಷೀನಿಗೆ. ಹಳೆ ಸೀರೆಗಳು ಮುಗಿದ ಮೇಲೆ ಅಷ್ಟೇನೂ ಹಳೆಯದಲ್ಲದ ಸೀರೆಗಳ ಕಡೆ ಕಣ್ಣು ಹೋಯಿತು. ಗ್ಯಾಸ್ ಸಿಲಿಂಡರಿಗೆ ಎರಡು ಸುತ್ತಿನ ಲಂಗ ಹೊಲಿದೆ. ಸಿಲಿಂಡರ್ ತಂದ ಹುಡುಗ ಅದನ್ನು ಎರಡೇ ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು, ಬಹಳ ಮರ್ಯಾದೆಯಿಂದ, 'ಅಕ್ಕಾ, ಇದನ್ನ ವಾಪಸ್ ಹಾಕಬೇಕಾ?' ಎಂದು ಕೇಳಿದ. ಒಳಗಿನಿಂದ ಗಂಡ ನಕ್ಕದ್ದು ಕೇಳಿಸಿತು. ಅಂದೇ ರಫ್ಲರನ್ನು ಡಬ್ಬಿಗೆ ಹಾಕಿದೆ. ಗಂಡನ ಸ್ಕೂಟರ್ ಸೀಟಿನ ಅಳತೆ ಆಗಲೇ ತೆಗೆದಾಗಿತ್ತು, ಅದನ್ನು ಈವರೆಗೂ ಯಾರಿಗೂ ಹೇಳಿಲ್ಲ.

ಇರಲಿ, ಪೈಪಿಂಗ್ ಫುಟ್ ವಿಷಯ. ಈ ಸಲ ಪರ್ಸಿನಲ್ಲಿ ಸ್ಕೇಲ್ ಇಟ್ಟುಕೊಂಡೇ ಅಂಗಡಿಗೆ ಹೋದೆ. ಅಳೆದು ತೋರಿಸಿದೆ, ಮುಕ್ಕಾಲು ಇಂಚು ಅಂದೆ, ಬದಲಾಯಿಸಿ ಕೊಡಿ ಅಂದೆ. ಅವನು ಸ್ಕೇಲ್ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಫುಟ್ಟನ್ನು ಮತ್ತೆ ಅದೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ನನ್ನ ಕಡೆಗೇ ತಳ್ಳಿದ.

'ಇಟ್ಕೊಳ್ಳಿ ಮೇಡಂ. ಮುಂದೆ ಮಷೀನ್ ಬದಲಾಯಿಸಿದಾಗ ಆಗುತ್ತೆ.'